ಸಮಸ್ಯಾಪೂರಣ: ಅಪ್ಪನಿಲ್ಲದ ಪಟ

(ಮಾತಾಡುವವರನ್ನು ಅವರವರ ಊರಿನ ಹೆಸರಿನಿಂದ ಕರೆದಿದೆ.)

ಶಿರಸಿ: ಸಮಸ್ಯಾಪೂರಣ ಅಂದರೆ ಕೊಟ್ಟ ಒಗಟಿನಂಥ ಸಾಲಿಗೆ ಅರ್ಥ ಕೂಡುವಂತೆ ಪದ್ಯ ಪೂರ್ತಿ ಮಾಡುವುದು. ಈ ಸಲದ ಸಮಸ್ಯೆ ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆ ಸಾಲು. ಮೇಲಿನ ಐದು ನೀವು ಕಟ್ಟಬೇಕು, ಪ್ರತಿ ಸಾಲಿನ ಎರಡನೇ ಅಕ್ಷರದ ‘ಪ್ಪ’ ಪ್ರಾಸ ಬಿಡುವಂತಿಲ್ಲ.

ಅಪ್ಪನಿಲ್ಲದ ಪಟದ ತುಂಬಾ ಅಪ್ಪನಿದ್ದಾನೆ

(‘ತುಂಬಾ ಅಪ್ಪ’ ವಿಸಂಧಿ, ಅಂದರೆ ಸಂಧಿ ಮಾಡದೆ ಬಿಟ್ಟ ದೋಷ ಅಂತ ತಕರಾರು ಬೇಡ, ಗೊತ್ತು.) ವಸ್ತು ರಾಜಾ ರವಿವರ್ಮರ 1893ರ ತೈಲಚಿತ್ರ, ‘ಅದೋ ಅಪ್ಪ ಬಂದರು’ ಅನ್ನುತ್ತಾರಲ್ಲ, ಅದು. ಅವರ ಲಕ್ಷ್ಮಿ, ಸರಸ್ವತಿ ನಮ್ಮ ಜಗಲಿ ಗೋಡೆಗಳಲ್ಲಿ ಇದ್ದವರೇ, ಆದರೆ ಇದು ದೇವರ ಪಟವಲ್ಲ. ರಾಜಮನೆತನದ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ನಿಂತಿದ್ದಾಳೆ, ಜೊತೆಗೊಂದು ನಾಯಿ. ಅಪ್ಪ ಎಲ್ಲೂ ಇಲ್ಲ.

ಕುಮಟಾ:
ಅಪ್ಪಿಕೊಂಡಿಹ ಕೂಸು ತೋಳಲಿ
ರೆಪ್ಪೆಯಾಡದೆ ನಿಂತ ತಾಯಿಯು
ಸಪ್ಪಳಕೆ ಕಣ್ಣೆರಡು ಹೊರಳಿವೆ ಚಿತ್ರದಾಚೆಕಡೆ
ತೆಪ್ಪಗಿರುವುದು ಪಕ್ಕ ನಾಯಿಯು
ಒಪ್ಪವಾಗಿದೆ ರವಿಯ ಬಣ್ಣನೆ
ಅಪ್ಪನಿಲ್ಲದ ಪಟದ ತುಂಬಾ ಅಪ್ಪನಿದ್ದಾನೆ

ಶಿರಸಿ: ಮಾಷ್ಟ್ರೇ, ಓಟ ಚೆನ್ನಾಗಿದೆ, ಯಕ್ಷಗಾನದ ಭಾಗವತರು ಹಾಗೇ ಎತ್ತಿಕೊಂಡು ಹಾಡಬಹುದು. ಆದರೆ ಗಂಟು ಬಿಚ್ಚಲಿಲ್ಲ. ಕಣ್ಣು ಆಚೆ ಹೊರಳಿದರೆ ಅಪ್ಪ ಆಚೆ ಇದ್ದಾನೆ ಅಂತಾಯ್ತು. ಪಟದ ತುಂಬಾ ಹೇಗೆ ಬಂದ?

ಕಾರವಾರ: ಆ ಹೆಣ್ಣುಮಗಳು ಯಾರು ಅಂತ ಯಾರೂ ಕೇಳಲೇ ಇಲ್ಲ ಅಲ್ವಾ? ಮಹಾಪ್ರಭಾ, ರವಿವರ್ಮರ ಸ್ವಂತ ಮಗಳು. ಕೂಸು ಮೊಮ್ಮಗ, ಮಾರ್ತಾಂಡವರ್ಮ. ಮಗುವಿನ ಅಪ್ಪ ಬರಲಿ ಬಿಡಲಿ, ತಾಯಿಯ ಅಪ್ಪ ಎಲ್ಲಿದ್ದಾರೆ ನೋಡಿ:

ತಪ್ಪಿ ಹುಡುಕುವಿರೇಕೆ ಹೊರಗಡೆ
ಕಪ್ಪುಗೂದಲ ಮಗಳ ಮೊಗದಲಿ
ಕುಪ್ಪಳಿಸುತಿಹ ಮೊಮ್ಮಗನ ಕಣ್ಣೊಳಗೆ ಹೊಳೆಯುವನು
ರೆಪ್ಪೆಗೊಂದೊಂದೆಳೆಯನೆಳೆಯುತ
ಇಪ್ಪನೀಚೆಗೆ ಕುಂಚ ಹಿಡಿದವ
ಅಪ್ಪನಿಲ್ಲದ ಪಟದ ತುಂಬಾ ಅಪ್ಪನಿದ್ದಾನೆ

ಕುಮಟಾ: ಭಲೆ ತಂಗಿ! ‘ಇಪ್ಪ’ನನ್ನು (‘ಇರುವ’ ಅನ್ನುವುದರ ಹಳೆಯ ರೂಪ) ಪ್ರಾಸಕ್ಕೋಸ್ಕರ ಎಳೆದು ತಂದೆ ಅಂತ ಜಗಳ ತೆಗೆಯುವವನಿದ್ದೆ. ರೆಪ್ಪೆಯ ಸಾಲು ಓದಿ ಸುಮ್ನಾದೆ.

ಅಂಕೋಲಾ: ಇನ್ನೊಂದು ಸಂಗತಿ ಸೇರಿಸುತ್ತೇನೆ. ಆಗ ರವಿವರ್ಮರ ಕಡೆಯವರಲ್ಲಿ ಅಳಿಯಕಟ್ಟು, ಅಂದರೆ ಮಕ್ಕಳು ತಾಯಿಯ ಮನೆಗೆ ಸೇರಿದವರು, ಅಪ್ಪ ಬಂದು ಹೋಗುವವನು. ರವಿವರ್ಮರ ಮನೆ ಕಿಳಿಮಾನೂರು, ಹೆಂಡತಿಯದು ಮಾವೇಲಿಕ್ಕರ. ಅದರ ಮೇಲೆ ಮೈಸೂರು, ಬರೋಡಾ, ಮುಂಬೈ ಅಂತ ಚಿತ್ರ ಬರೆಯಲು ಸುತ್ತಿದವರು ಬೇರೆ. ‘ಅಪ್ಪ ಬಂದರು’ ಅನ್ನುವುದು ಈ ಮಗಳಿಗೂ ಚಿಕ್ಕಂದಿನಿಂದ ಗೊತ್ತಿದ್ದ ಮಾತೇ ಇರಬೇಕು. ಇದನ್ನು ಹಿಡಿದು ಮೂರನೇ ಪೂರಣ ಯಾರಾದರೂ ಬರೆಯಿರಿ ಮಾರಾಯ್ರೇ, ನನಗೆ ‘ತುಪ್ಪ’ ಬಿಟ್ಟರೆ ಪ್ರಾಸವೇ ಹೊಳೆಯುತ್ತಿಲ್ಲ.