ತಟ್ಟೆ ಮಗುಚಿ ನೋಡಿದ್ರಾ? ಪಿಂಗಾಣಿ ಪಾತ್ರೆ ಕೊಳ್ಳುವ ಮೊದಲು ಒಂದಿಷ್ಟು ಪ್ರಶ್ನೋತ್ತರ

ಪ್ರಶ್ನೆ: ಮೇಡಂ ನಮಸ್ಕಾರ. ನೀವು ಪಿಂಗಾಣಿ ಪಾತ್ರೆ ಮಾಡುವವರು ಅಂತ ಗುಂಪಿನಲ್ಲಿ ಗೊತ್ತಾಯಿತು, ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ಮನೆಯಲ್ಲಿ ನಾಲ್ಕು ಜನ, ಅದರಲ್ಲಿ ಇಬ್ಬರು ಚಿಕ್ಕ ಮಕ್ಕಳು. ದಿನಾ ಬಳಸುವುದಕ್ಕೆ ಒಂದು ಸೆಟ್ ಬೇಕು. ಅಂಗಡಿಗೆ ಹೋದರೆ ಸ್ಟೋನ್‌ವೇರ್, ಪೋರ್ಸಲಿನ್, ಬೋನ್ ಚೈನಾ ಅಂತ ಶುರು ಮಾಡುತ್ತಾರೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ. ಯಾವುದು ತಗೊಳ್ಳಲಿ?

ಉತ್ತರ: ನಮಸ್ಕಾರ. ಅಂಗಡಿಯ ಮಾತು ಆಮೇಲೆ. ಮೊದಲು ಟೇಪ್ ಹಿಡಿದು ನಿಮ್ಮ ಕಪಾಟಿನ ಆಳ ಅಳೆಯಿರಿ. ಮೈಕ್ರೋವೇವ್ ಒಳಗೆ ತಿರುಗುವ ಗಾಜಿನ ತಟ್ಟೆಯ ಅಗಲ ಅಳೆಯಿರಿ. ಸಿಂಕ್‌ನಲ್ಲಿ ತಟ್ಟೆ ಮಲಗಿಸಿ ತೊಳೆಯುವಷ್ಟು ಜಾಗ ಇದೆಯಾ ನೋಡಿ. ಊಟದ ದೊಡ್ಡ ತಟ್ಟೆಗಳು ಸಾಮಾನ್ಯವಾಗಿ 26ರಿಂದ 28 ಸೆಂಟಿಮೀಟರ್ ಇರುತ್ತವೆ. ಒಂದು ಸೆಂಟಿಮೀಟರ್ ಹೆಚ್ಚಾಗಿ ಕಪಾಟಿನ ಬಾಗಿಲು ಮುಚ್ಚದೇ ಹೋದ ಕಥೆ ನಾನು ಎಷ್ಟು ಸಲ ಕೇಳಿದ್ದೇನೋ!

ಇನ್ನು ಮಣ್ಣಿನ ವಿಷಯ. ಎಲ್ಲವೂ ಮಣ್ಣೇ. ಯಾವ ಮಣ್ಣು, ಎಷ್ಟು ಬಿಸಿಯಲ್ಲಿ ಸುಟ್ಟಿದ್ದು ಅನ್ನುವುದರಲ್ಲಿ ವ್ಯತ್ಯಾಸ. ಅರ್ದನ್‌ವೇರ್ ಸುಮಾರು 1000ರಿಂದ 1150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತದೆ. ಅದರ ಒಳಗೆ ಸಣ್ಣ ಸಣ್ಣ ತೂತು ಉಳಿದುಬಿಡುತ್ತವೆ, ನೀರು ಹೀರುತ್ತದೆ, ಅಂಚು ಬೇಗ ಚಕ್ಕೆ ಏಳುತ್ತದೆ. ಸ್ಟೋನ್‌ವೇರ್ 1200ರ ಮೇಲೆ ಬೆಂದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಪೋರ್ಸಲಿನ್‌ಗೆ ಬಿಳಿ ಕೇಯೋಲಿನ್ ಮಣ್ಣು ಬೇಕು, ಬಿಸಿಯೂ ಜಾಸ್ತಿ, 1400ರ ಹತ್ತಿರ ಹೋಗುವುದೂ ಉಂಟು. ಚೆನ್ನಾಗಿ ಬೆಂದರೆ ಒಳಗೆಲ್ಲ ಗಾಜಿನ ಥರ ಕೂಡಿಕೊಳ್ಳುತ್ತದೆ.

ಹೆಸರು ಹೇಳದೆಯೂ ಪತ್ತೆ ಮಾಡಬಹುದು. ತಟ್ಟೆ ಮಗುಚಿ. ಕೆಳಗೆ ಉಂಗುರದ ಹಾಗೆ ಒಂದು ಏಣು ಇರುತ್ತದಲ್ಲ, ಅದಕ್ಕೆ ನಾವು ಪಾದ ಅನ್ನುತ್ತೇವೆ. ಭಟ್ಟಿಯಲ್ಲಿ ಅಂಟಿಕೊಳ್ಳಬಾರದು ಅಂತ ಅಲ್ಲಿ ಹೆಚ್ಚಾಗಿ ಗ್ಲೇಜ್, ಅಂದರೆ ಮೇಲಿನ ಗಾಜಿನಂಥ ಲೇಪ, ಹಾಕಿರುವುದಿಲ್ಲ, ಬರಿ ಮಣ್ಣು ಕಾಣುತ್ತದೆ. ಅದರ ಮೇಲೆ ಒಂದು ಹನಿ ನೀರು ಇಟ್ಟು ಒಂದೆರಡು ನಿಮಿಷ ಕಾಯಿರಿ. ಹನಿ ಮುತ್ತಿನ ಹಾಗೆ ಹಾಗೇ ಕೂತಿದ್ದರೆ ಮಣ್ಣು ಚೆನ್ನಾಗಿ ಬೆಂದಿದೆ. ಹೀರಿಕೊಂಡು ಆ ಜಾಗದ ಬಣ್ಣ ಗಾಢವಾದರೆ ಅದು ನೀರು ಕುಡಿಯುವ ಮಣ್ಣು. ಮೇಲಿನ ಹೂವು, ಬಳ್ಳಿ ನೋಡಿ ಮರುಳಾಗುವುದಕ್ಕಿಂತ ಈ ಒಂದು ಹನಿಯನ್ನು ನಾನು ಜಾಸ್ತಿ ನಂಬುತ್ತೇನೆ.

ಮಕ್ಕಳಿರುವ ಮನೆಗೆ ನನ್ನ ಓಟು ಅಂಚು ಸ್ವಲ್ಪ ದುಂಡಗಿರುವ, ತೀರಾ ತೆಳು ಅಲ್ಲದ ಪೋರ್ಸಲಿನ್‌ಗೆ. ಸ್ಟೋನ್‌ವೇರ್ ಕೂಡ ಒಳ್ಳೆಯದೇ, ಆದರೆ ಭಾರ. ಆರು ತಟ್ಟೆ ಒಟ್ಟಿಗೆ ಎತ್ತಿ ನೋಡಿ. ಕೈ ನಡುಗಿದರೆ ದಿನಾ ಎರಡು ಹೊತ್ತು ಎತ್ತುವವರು ನೀವೇ, ಅಲ್ವಾ?

ಮರುಪ್ರಶ್ನೆ: ಥ್ಯಾಂಕ್ಸ್ ಮೇಡಂ. ಅಗಲ ಅಂಚಿನ ತಟ್ಟೆ ನೋಡೋಕೆ ಎಷ್ಟು ಚೆಂದ! ಅದನ್ನೇ ತಗೊಳ್ಳೋಣ ಅಂದುಕೊಂಡಿದ್ದೆ.

ಉತ್ತರ: ಚೆಂದವೇ. ಆದರೆ ಲೆಕ್ಕ ಹಾಕಿ. 27 ಸೆಂಟಿಮೀಟರ್ ತಟ್ಟೆಗೆ ಸುತ್ತ 4 ಸೆಂಟಿಮೀಟರ್ ಅಂಚು ಇದ್ದರೆ ಊಟಕ್ಕೆ ಉಳಿಯುವುದು 19 ಸೆಂಟಿಮೀಟರ್ ವೃತ್ತ. ಅಂದರೆ ಒಟ್ಟು ಜಾಗದ ಅರ್ಧವೂ ಇಲ್ಲ. ಒಂದೊಂದೇ ಪದಾರ್ಥ ಬಡಿಸಿಕೊಂಡು ನಿಧಾನವಾಗಿ ಉಣ್ಣುವವರಿಗೆ ಅದು ಸರಿ. ಎಲ್ಲವನ್ನೂ ಒಂದೇ ತಟ್ಟೆಗೆ ಹಾಕಿಕೊಳ್ಳುವವರಿಗೆ ಅಂಚಿಲ್ಲದ, ಬದಿ ಮೆಲ್ಲಗೆ ಮೇಲೆದ್ದ ತಟ್ಟೆ ಬೇಕು. ಕೈಯಲ್ಲಿ ಉಣ್ಣುವುದಾದರೂ ಅದೇ ಸರಿ, ಕಲಸಿದ್ದು ಹೊರಗೆ ಚೆಲ್ಲುವುದಿಲ್ಲ. ನೀರಾದ ಅಡುಗೆ ಜಾಸ್ತಿಯಾದರೆ ತಟ್ಟೆಗಿಂತ ಅಗಲವಾದ ಬಟ್ಟಲು ಮೇಲು. ಸೋಫಾದ ಮೇಲೆ ಕೂತು ತೊಡೆ ಮೇಲೆ ಇಟ್ಟುಕೊಂಡು ತಿನ್ನುವ ಮನೆಗಳೂ ಇವೆ. ನಮ್ಮದೂ ಅಂಥದ್ದೇ! ಅಲ್ಲಿ ತಟ್ಟೆಗೆ ಕೆಲಸವೇ ಇಲ್ಲ, ಬಟ್ಟಲೇ ಎಲ್ಲ.

ಪ್ರಶ್ನೆ (ಬೇರೆ ಸದಸ್ಯರಿಂದ): ಬೋನ್ ಚೈನಾ ಅಂದರೆ ನಿಜವಾಗಲೂ ಮೂಳೆನಾ? ನಾವು ಸಸ್ಯಾಹಾರಿಗಳು.

ಉತ್ತರ: ಹೌದು, ನಿಜವಾಗಲೂ ಮೂಳೆಯೇ. ಸಾಮಾನ್ಯವಾಗಿ ದನದ ಮೂಳೆಯನ್ನು ಸುಟ್ಟು ಬೂದಿ ಮಾಡಿ ಮಣ್ಣಿಗೆ ಸೇರಿಸುತ್ತಾರೆ. ಹಳೆಯ ಪಾಕದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಬೂದಿಯೇ. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸ್ಟೋಕ್‌ನಲ್ಲಿ ಸ್ಪೋಡ್ ಮನೆತನದವರು ಇದನ್ನು ಹದಕ್ಕೆ ತಂದರು. ಕೆನೆಬಣ್ಣ, ತೆಳು ಮೈ. ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣುತ್ತದೆ. ನಾಜೂಕಾಗಿ ಕಂಡರೂ ಒಳ್ಳೇ ಗಟ್ಟಿ. ನಿಮಗೆ ಮನಸ್ಸು ಒಪ್ಪದಿದ್ದರೆ ಪೋರ್ಸಲಿನ್ ತಗೊಳ್ಳಿ, ಅದರಲ್ಲಿ ಮೂಳೆ ಇಲ್ಲ.

ಪ್ರಶ್ನೆ: ನಾನು ಮ್ಯಾಟ್ ಫಿನಿಶ್‌ನ (ಹೊಳಪಿಲ್ಲದ) ಬೂದುಬಣ್ಣದ ಸೆಟ್ ತಗೊಂಡು ಆರು ತಿಂಗಳಾಯಿತು. ತಟ್ಟೆ ತುಂಬ ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಗೆರೆ. ಕಳಪೆ ಮಾಲು ಕೊಟ್ಟರಾ?

ಉತ್ತರ: ಇದರಲ್ಲಿ ನನಗೇ ಪೆಟ್ಟು ಬಿದ್ದಿದೆ. ನಮ್ಮ ಮನೆಗೆ ಅಂತ ನಾನು ಮಾಡಿಕೊಂಡ ಮೊದಲ ಸೆಟ್ ಮ್ಯಾಟ್. ಫೋಟೋದಲ್ಲಿ ಅದ್ಭುತ. ಮೂರೇ ತಿಂಗಳಿಗೆ ತಟ್ಟೆಗಳ ಮೇಲೆಲ್ಲ ಬೂದು ಗೆರೆ. ಗ್ಲೇಜ್ ಕೆತ್ತಿಹೋಯಿತು ಅಂತ ಅಳು ಬಂದಿತ್ತು. ಒಂದು ತಟ್ಟೆಯನ್ನು ಕಿಟಕಿ ಹತ್ತಿರ ಓರೆಯಾಗಿ ಹಿಡಿದು ಉಗುರು ಆಡಿಸಿದೆ. ಎಲ್ಲೂ ತಗ್ಗು ಸಿಗಲಿಲ್ಲ. ಆಗ ತಿಳಿಯಿತು, ತಟ್ಟೆಯಿಂದ ಏನೂ ಹೋಗಿಲ್ಲ, ಚಮಚದ್ದೇ ತಟ್ಟೆಗೆ ಬಂದಿದೆ. ಮ್ಯಾಟ್ ಮೈ ಕಣ್ಣಿಗೆ ಕಾಣದಷ್ಟು ಒರಟು. ಫೋರ್ಕು, ಚಾಕು, ಚಮಚದ ಲೋಹವನ್ನು ಅದು ಅರದ ಹಾಗೆ ತೇಯುತ್ತದೆ, ಆ ಪುಡಿ ಅಲ್ಲೇ ಕೂರುತ್ತದೆ.

ಅಡುಗೆ ಸೋಡಾಕ್ಕೆ ನಾಲ್ಕು ಹನಿ ನೀರು ಹಾಕಿ ಕಲಸಿ, ಮೆತ್ತಗಿನ ಬಟ್ಟೆಯಲ್ಲಿ ಉಜ್ಜಿ. ತುಂಬಾ ಹೋಗುತ್ತದೆ. ಪೂರ್ತಿ ಹೋಗದಿದ್ದರೆ ಆಕ್ಸಾಲಿಕ್ ಆಮ್ಲ ಇರುವ ಪಾತ್ರೆ ಪುಡಿ ಕೆಲಸ ಮಾಡುತ್ತದೆ, ಕೈಗವಸು ಹಾಕಿಕೊಂಡು ಉಜ್ಜಿ ಚೆನ್ನಾಗಿ ತೊಳೆಯಿರಿ. ಆದರೆ ಗೆರೆ ಮತ್ತೆ ಬರುತ್ತದೆ. ಹಾಗಾಗಿ ಚಾಕು, ಫೋರ್ಕು ಬಳಸುವ ಮನೆಗೆ ಊಟದ ತಟ್ಟೆ ಹೊಳಪಿನದ್ದೇ ಇರಲಿ ಅನ್ನುತ್ತೇನೆ. ಮ್ಯಾಟ್ ಬೇಕೇ ಬೇಕು ಅಂದರೆ ಟೀ ಕಪ್, ಬಡಿಸುವ ಬೋಗುಣಿ ಅಂಥವುಗಳಲ್ಲಿ ಆಸೆ ತೀರಿಸಿಕೊಳ್ಳಿ.

ಪ್ರಶ್ನೆ: ಮೈಕ್ರೋವೇವ್‌ನಲ್ಲಿ ಊಟ ಬಿಸಿಯಾಗುವ ಮೊದಲೇ ತಟ್ಟೆ ಕೈ ಸುಡುತ್ತದೆ. ಯಾಕೆ?

ಉತ್ತರ: ಹೆಚ್ಚಾಗಿ ನೀರು ಕುಡಿದ ತಟ್ಟೆ. ತೊಳೆದಾಗ ಪಾದದಿಂದಲೋ ಎಲ್ಲೋ ಚಕ್ಕೆ ಎದ್ದ ಜಾಗದಿಂದಲೋ ನೀರು ಒಳಗೆ ಹೋಗಿರುತ್ತದೆ. ಮೈಕ್ರೋವೇವ್ ಆ ನೀರನ್ನೇ ಕಾಯಿಸುತ್ತದೆ. ಖಾಲಿ ತಟ್ಟೆಯ ಜೊತೆ ಒಂದು ಕಪ್ ನೀರಿಟ್ಟು ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ತಟ್ಟೆ ತಣ್ಣಗಿದ್ದರೆ ಸರಿ. ತಟ್ಟೆಯೇ ಕಾದರೆ ಅದನ್ನು ಆ ಕೆಲಸಕ್ಕೆ ಬಳಸಬೇಡಿ. ಚಿನ್ನ, ಬೆಳ್ಳಿ ಗೆರೆ ಇರುವುದಂತೂ ಇಡಲೇಬೇಡಿ, ಕಿಡಿ ಹಾರುತ್ತದೆ.

ಪ್ರಶ್ನೆ: ಅಜ್ಜಿ ಕಾಲದ ಒಂದು ಟೀ ಸೆಟ್ ಇದೆ. ಕೆಂಪು, ಕಿತ್ತಳೆ ಹೂವು. ಒಳಗೆ ಜೇಡರ ಬಲೆ ಥರ ಗೆರೆಗಳು ಬಂದಿವೆ. ಬಳಸಬಹುದಾ?

ಉತ್ತರ: ಇಟ್ಟುಕೊಳ್ಳಿ, ಆದರೆ ಕುಡಿಯಬೇಡಿ. ಬೇಸರ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಭಟ್ಟಿಯಿಂದ ತಣಿಯುವಾಗ ಮಣ್ಣೂ ಗ್ಲೇಜೂ ಎರಡೂ ಕುಗ್ಗುತ್ತವೆ. ಗ್ಲೇಜ್ ಜಾಸ್ತಿ ಕುಗ್ಗಿದರೆ ಮೈಗಿಂತ ಚಿಕ್ಕ ಅಂಗಿ ತೊಟ್ಟ ಹಾಗೆ ಬಿಗಿದು ಬಿರುಕು ಬಿಡುತ್ತದೆ. ನೀರು ಹೀರುವ ಮಣ್ಣಾದರೆ ವರ್ಷಗಳು ಕಳೆದ ಹಾಗೆ ಮೈ ಉಬ್ಬಿಯೂ ಹೀಗಾಗುತ್ತದೆ. ಆ ಗೆರೆಯೊಳಗೆ ಟೀ ಇಳಿಯುತ್ತದೆ, ಕಲೆ ಕೂರುತ್ತದೆ, ಎಷ್ಟು ತೊಳೆದರೂ ಅಲ್ಲಿಗೆ ಬ್ರಷ್ ಮುಟ್ಟುವುದಿಲ್ಲ.

ಅದಕ್ಕಿಂತ ದೊಡ್ಡ ಅನುಮಾನ ಸೀಸದ್ದು. ಹಿಂದೆ ಗ್ಲೇಜ್ ಬೇಗ ಕರಗಲಿ, ಹೊಳೆಯಲಿ ಅಂತ ಸೀಸ ಹಾಕುತ್ತಿದ್ದರು. ಗಾಢ ಕೆಂಪು, ಕಿತ್ತಳೆ, ಹಳದಿಗೆ ಕ್ಯಾಡ್ಮಿಯಂ ಬಳಕೆಯೂ ಇತ್ತು. ಹುಳಿ, ಬಿಸಿ, ಹೊತ್ತು ಮೂರೂ ಸೇರಿದರೆ ಅವು ಆಹಾರಕ್ಕೆ ಬಿಡುತ್ತವೆ. ಲ್ಯಾಬ್‌ನಲ್ಲಿ ಪರೀಕ್ಷೆ ಮಾಡುವುದೂ ಇದೇ ಲೆಕ್ಕದಲ್ಲಿ. ಐಎಸ್ಒ 6486 ಅನ್ನುವ ಮಾನದಂಡದ ಪ್ರಕಾರ ಪಾತ್ರೆಗೆ 4% ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಬಿಟ್ಟು, ಎಷ್ಟು ಸೀಸ, ಕ್ಯಾಡ್ಮಿಯಂ ಇಳಿದಿದೆ ಅಂತ ಅಳೆಯುತ್ತಾರೆ. ಬರಿ ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಹೊಸದು ಕೊಳ್ಳುವವರು ಒಂದು ಸುಲಭದ ಪರೀಕ್ಷೆ ಮಾಡಬಹುದು. ಚಿತ್ರದ ಮೇಲೆ ಬೆರಳು ಸವರಿ. ಉಬ್ಬು ಸಿಕ್ಕರೆ ಬಣ್ಣ ಗ್ಲೇಜ್‌ನ ಮೇಲಿದೆ, ಡಿಶ್‌ವಾಷರ್‌ನ ಕ್ಷಾರದ ಸೋಪಿನ ಪುಡಿಗೆ ಬೇಗ ಮಾಸುತ್ತದೆ. ನುಣುಪಾಗಿ ಒಳಗಿದ್ದರೆ ಬಾಳಿಕೆ ಜಾಸ್ತಿ. ಅಜ್ಜಿಯ ಸೆಟ್ ಮಾತ್ರ ಗಾಜಿನ ಬೀರುವಿನಲ್ಲಿ ಕೂರಲಿ.

ಮೊದಲು ಪ್ರಶ್ನೆ ಕೇಳಿದವರು: ಮೇಡಂ, ಇವತ್ತು ತಂದೆ! ಬಿಳಿ ಪೋರ್ಸಲಿನ್, 25 ಸೆಂಟಿಮೀಟರ್, ಅಂಚಿಲ್ಲದ್ದು. ಅಂಗಡಿಯಲ್ಲಿ ನೀರಿನ ಬಾಟಲಿ ತೆಗೆದು ಹನಿ ಹಾಕಿದ್ದಕ್ಕೆ ಅಲ್ಲಿದ್ದವರು ವಿಚಿತ್ರವಾಗಿ ನೋಡಿದರು. ಸುಮ್ನೆ ಕುತೂಹಲಕ್ಕೆ ಒಂದೊಂದನ್ನೇ ಬೆರಳಿನಲ್ಲಿ ತಟ್ಟಿಯೂ ನೋಡಿದೆ. ಆರರಲ್ಲಿ ಐದು ತಟ್ಟೆಗಳು ಗಂಟೆ ಬಾರಿಸಿದ ಹಾಗೆ ಣಣ್ ಅಂದವು, ಒಂದು ಮಾತ್ರ ದಡ್ ಅಂತು. ಅದನ್ನು ಬದಲಾಯಿಸಿಕೊಂಡೆ. ಸರಿ ಮಾಡಿದೆನಾ?

ಉತ್ತರ: ತುಂಬಾ ಸರಿ. ದಡ್ ಅಂದದ್ದರಲ್ಲಿ ಕಣ್ಣಿಗೆ ಕಾಣದ ಸೀಳು ಇರುತ್ತದೆ, ಬಿಸಿ ಬಿದ್ದ ದಿನ ಎರಡು ಹೋಳು. ನಾಲ್ಕು ಜನಕ್ಕೆ ಆರು ತಂದದ್ದೂ ಒಳ್ಳೆಯದಾಯಿತು. ಒಂದು ಒಡೆದಾಗ ಅದೇ ಬಿಳಿ ಮತ್ತೆ ಸಿಗುತ್ತದೆ ಅಂತ ನಂಬಬೇಡಿ, ಬಿಳಿಯಲ್ಲೂ ಹತ್ತು ಬಗೆ ಇದೆ.

ಈಗ ಕಪಾಟಿಗೆ ಇಡುವ ಮೊದಲು ಇನ್ನೊಂದು ಸಲ ಮಗುಚಿ. ಪಾದದ ಮೇಲೆ ಹೆಬ್ಬೆರಳು ಆಡಿಸಿ. ಒರಟಾಗಿದ್ದರೆ ನುಣುಪು ಮರಳು ಕಾಗದ ಒದ್ದೆ ಮಾಡಿ ನಾಲ್ಕು ಸುತ್ತು ತಿಕ್ಕಿ ತೊಳೆಯಿರಿ. ಇಲ್ಲದಿದ್ದರೆ ಮೇಲಿನ ತಟ್ಟೆ ಕೆಳಗಿನದ್ದರ ಹೊಳಪು ಗೀಚುತ್ತದೆ. ತಟ್ಟೆಗಳ ನಡುವೆ ಒಂದೊಂದು ಟಿಶ್ಯೂ ಇಟ್ಟರೂ ಆಯಿತು.

ಮರುಪ್ರಶ್ನೆ: ಆಡಿಸಿದೆ. ಎರಡು ಒರಟಾಗಿವೆ. ಮರಳು ಕಾಗದ ಹುಡುಕಿಕೊಂಡು ಹೊರಟೆ!