ಸಹಾಯ ಬೇಕು: ಸೇವೆ ಮುಗಿಸಿ ಮನೆಗೆ ಬಂದ ಮೇಲೆ ಪ್ರಾರ್ಥನೆಯೇ ಬರುತ್ತಿಲ್ಲ

ಎಲ್ಲರಿಗೂ ವಂದನೆ. ನಾನೂ ನನ್ನ ಹೆಂಡತಿಯೂ ಜಾರ್ಖಂಡ್‌ನಲ್ಲಿ ಮಿಷನರಿ ಸೇವೆ ಮುಗಿಸಿ ತೀರ್ಥಹಳ್ಳಿಗೆ ವಾಪಸ್ ಬಂದಿದ್ದೇವೆ. ಅಲ್ಲಿ ಕರೆಂಟ್ ಇಲ್ಲದ ರಾತ್ರಿಯಲ್ಲೂ ಪ್ರಾರ್ಥನೆ ತಾನಾಗಿ ಬರುತ್ತಿತ್ತು. ಇಲ್ಲಿ ಬೈಬಲ್ ತೆರೆದರೆ ಸುಮ್ನೆ ಅಕ್ಷರಗಳು. ಹೊರಗೆ ಜಡಿಮಳೆ, ಒಳಗೆ ಬರಗಾಲ! ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳಿ, ಅಂದರೆ ದೇವರು ನಿಮ್ಮ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಹೇಳಿ, ಅನ್ನುತ್ತಾರೆ. ಹೇಳುತ್ತೇನೆ, ಆಮೇಲೆ ಇನ್ನೂ ಜಾಸ್ತಿ ಸಂಕಟ.

"ಉಪವಾಸ ಮಾಡಿ" ಅನ್ನುವ ಸಲಹೆ ಮಾತ್ರ ಬೇಡ. ಬೈಬಲಿನ 1 ಅರಸುಗಳು 19ನೇ ಅಧ್ಯಾಯದಲ್ಲಿ ಸಾಕಾಯಿತು ಎಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಕೊಟ್ಟದ್ದು ರೊಟ್ಟಿ, ನೀರು, ಉಪದೇಶವಲ್ಲ, ಅಲ್ವಾ?

ಶಿವಮೊಗ್ಗ, ಸಾಗರದ ಕಡೆ ಹೀಗೆ ಸೇವೆಯಿಂದ ಮರಳಿದವರು ಯಾರಾದರೂ ಇದ್ದೀರಾ? ಕೂತು ಮಾತಾಡಬೇಕು. ಕನ್ನಡದಲ್ಲಿ ಮಾತಾಡುವ, ಇದನ್ನು ಬಲ್ಲ ಪಾಸ್ಟರ್ ಅಥವಾ ಕೌನ್ಸೆಲರ್ ಗೊತ್ತಿದ್ದರೂ ತಿಳಿಸಿ. ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ದೂರವಾದರೆ ಸಾಕು.