ಮಾತ್ರೆ ಚಟಕ್ಕೆ ಬಿದ್ದ ಮಗ: ಮೊದಲು ಸಾಲ ತೀರಿಸುವುದೋ, ಚಿಕಿತ್ಸೆ ಕೊಡಿಸುವುದೋ?

ಪ್ರಶ್ನೆ (ಒಬ್ಬ ತಾಯಿ, ದಾವಣಗೆರೆ): ಡಾಕ್ಟರೇ, ನಮಸ್ಕಾರ. ನನ್ನ ಮಗನಿಗೆ 22 ವರ್ಷ. ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ಹೋಗುತ್ತಿದ್ದವನು ಈಗ ವಾರದಲ್ಲಿ ಎರಡು ದಿನವೂ ಹೋಗುವುದಿಲ್ಲ. ಪ್ಯಾಂಟ್ ಒಗೆಯುವಾಗ ಜೇಬಿನಲ್ಲಿ ಖಾಲಿ ಮಾತ್ರೆ ಪಟ್ಟಿಗಳು ಸಿಕ್ಕವು. ಟಪೆಂಟಡಾಲ್ ಎಂದು ಬರೆದಿದೆ. ಬೆಳಗ್ಗೆ ಎದ್ದರೆ ಮೂಗು ಸೋರುತ್ತದೆ, ಒಂದೇ ಸಮನೆ ಆಕಳಿಸುತ್ತಾನೆ, ಕಾಲು ಒತ್ತು ಎಂದು ಗೋಳಾಡುತ್ತಾನೆ. ನನ್ನ ಎರಡೆಳೆ ಸರ ಗಿರವಿ ಅಂಗಡಿ ಸೇರಿದೆ. ಸಾಲ ತೀರಿಸಿ, ಕೋಣೆಯಲ್ಲಿ ಕೂಡಿಹಾಕಿದರೆ ಬಿಟ್ಟಾನೇ? ಖಾಸಗಿ ಕೇಂದ್ರವೊಂದರವರು 3 ತಿಂಗಳಿಗೆ 60,000 ರೂಪಾಯಿ ಕೇಳುತ್ತಿದ್ದಾರೆ.

ಉತ್ತರ (ಮನೋವೈದ್ಯರು): ತಾಯಿ, ನೀವು ಹೇಳಿದ ಲಕ್ಷಣಗಳು ನೆಗಡಿಯವಲ್ಲ. ಟಪೆಂಟಡಾಲ್ ನೋವಿನ ಮಾತ್ರೆ ನಿಜ, ಆದರೆ ಮಿದುಳಿನಲ್ಲಿ ಅದು ಹಿಡಿಯುವುದು ಅಫೀಮಿನ ದಾರಿಯನ್ನೇ. ಮೊದಮೊದಲು ಮತ್ತಿಗಾಗಿ ನುಂಗಿದವನು ಈಗ ಈ ಸಂಕಟ ತಪ್ಪಿದರೆ ಸಾಕೆಂದು ನುಂಗುತ್ತಿರಬೇಕು.

ಕೂಡಿಹಾಕಬೇಡಿ. ಮಾತ್ರೆ ನಿಂತ ಎರಡು ಮೂರು ದಿನ ವಾಂತಿ, ಭೇದಿ, ನಿದ್ದೆಗೇಡು. ವಾರ ಹತ್ತು ದಿನದಲ್ಲಿ ಎಲ್ಲ ಇಳಿಯುತ್ತದೆ, ಗೆದ್ದೆವು ಎಂದು ನೀವು ಬಾಗಿಲು ತೆರೆಯುತ್ತೀರಿ. ನನ್ನ ಭಯವಿರುವುದು ಅಲ್ಲಿಂದ ಮುಂದಕ್ಕೆ. ಅಷ್ಟರಲ್ಲಿ ದೇಹ ಆ ಮಾತ್ರೆಯನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹಳೆಯ ಗೆಳೆಯ ಸಿಕ್ಕಿ, ಹಳೆಯ ಲೆಕ್ಕದಲ್ಲೇ ನುಂಗಿದರೆ, ಮೇಲೆ ಮದ್ಯವೂ ಸೇರಿದರೆ, ಉಸಿರು ನಿಧಾನವಾಗುತ್ತ ನಿಂತೇ ಹೋಗಬಹುದು. ತುಟಿ ನೀಲಿಗಟ್ಟಿ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ದಿನವೂ ಕುಡಿಯುವ ಅಭ್ಯಾಸವಿದ್ದರಂತೂ ಮದ್ಯ ಹಠಾತ್ತನೆ ನಿಂತರೆ ಫಿಟ್ಸ್ ಬರಬಹುದು.

ಇದಕ್ಕೆ ಅಫೀಮಿನ ಗುಂಪಿನದೇ ಆದ ಬ್ಯುಪ್ರೆನಾರ್ಫಿನ್ ಎಂಬ ಔಷಧವನ್ನು ವೈದ್ಯರ ನಿಗಾದಲ್ಲಿ ತಿಂಗಳುಗಟ್ಟಲೆ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಕೊಡುತ್ತೇವೆ. ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತೀರಾ ಎಂದು ಜಗಳಕ್ಕೆ ಬರುವ ನೆಂಟರಿದ್ದಾರೆ. ಅದನ್ನು ತೆಗೆದುಕೊಂಡು ಹುಡುಗ ಭಟ್ಟಿಗೆ ಹೋಗಿ ಸಂಬಳ ತಂದರೆ ನೆಂಟರ ಮಾತು ನಿಮಗೇಕೆ?

ಸಾಲದ ವಿಚಾರ. ಅವನ ಕೈಗೆ ನಗದು ಕೊಡಬೇಡಿ. ತೀರಿದ ಸಾಲದ ಜಾಗದಲ್ಲಿ ಹೊಸ ಸಾಲ ಹುಟ್ಟುತ್ತದೆ. 60,000 ಎಣಿಸುವ ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಖಾಸಗಿ ಕೇಂದ್ರಕ್ಕೇ ಸೇರಿಸುವುದಾದರೆ ನೋಂದಣಿ ಪತ್ರ ಕೇಳಿ, ವೈದ್ಯರು ಯಾರೆಂದು ಕೇಳಿ. ಸರಪಳಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೂರ್ತಿ ನಿಷೇಧಿಸಿದೆ.

ಅದೇ ತಾಯಿ: ಆಸ್ಪತ್ರೆ ಎಂದರೆ ತಟ್ಟೆ ಎಸೆಯುತ್ತಾನೆ.

ಉತ್ತರ: ಹಾಗಾದರೆ ಮೊದಲ ಸಲ ನೀವೊಬ್ಬರೇ ಹೋಗಿ. ಮನೆಯವರ ಜೊತೆ ಮಾತಾಡುವುದೂ ನಮ್ಮ ಕೆಲಸವೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ, ಖರ್ಚಿಲ್ಲ. ಅವನ ತೋಳಿನಲ್ಲಿ ಸೂಜಿ ಗುರುತು ಕಂಡರೆ ವೈದ್ಯರಿಗೆ ಮುಚ್ಚಿಡಬೇಡಿ. ಹಂಚಿಕೊಂಡ ಸೂಜಿಯಿಂದ ಹರಡುವ ಎಚ್‌ಐವಿ, ಹೆಪಟೈಟಿಸ್ ಸಿ (ಯಕೃತ್ತಿನ ಸೋಂಕು) ಪರೀಕ್ಷೆ ಆಗಬೇಕು.

ಚಿತ್ರದುರ್ಗದ ಇನ್ನೊಬ್ಬರು: ಸರ್, ನನ್ನ ತಮ್ಮ ಗಾಂಜಾ ಸೇದುತ್ತಾನೆ. ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತದೆ ಎಂದು ಅಪ್ಪ ಬಿಡುತ್ತಿಲ್ಲ.

ಉತ್ತರ: ರೋಗಿಯ ವಿವರ ಗುಟ್ಟಾಗಿಡುವುದು ವೈದ್ಯರ ಕಾನೂನುಬದ್ಧ ಹೊಣೆ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕವಸ್ತುವಿನ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಅರ್ಧಕ್ಕೆ ಬಿಟ್ಟರೆ ಅದು ರದ್ದಾಗಬಹುದು. ದೊಡ್ಡ ಪ್ರಮಾಣದಲ್ಲಿ ಮಾರಾಟ ಮಾಡಿದವನಿಗೆ ಇದು ಅನ್ವಯಿಸುವುದಿಲ್ಲ. ತಮ್ಮ ತನ್ನಷ್ಟಕ್ಕೆ ಮಾತಾಡುವುದು, ಎಲ್ಲರೂ ನನ್ನ ಬೆನ್ನು ಬಿದ್ದಿದ್ದಾರೆ ಎನ್ನುವುದು ಕಂಡುಬಂದರೆ ಅಪ್ಪನ ಒಪ್ಪಿಗೆಗೆ ಕಾಯದೆ ಈ ವಾರವೇ ಕರೆದುಕೊಂಡು ಹೋಗಿ.